ರವದಿ ಹೊಗೆ ಬೇರೆ, ಕಲ್ಲಿದ್ದಲ ಹೊಗೆ ಬೇರೆ

ಪ್ರಶ್ನೆ: ನಮಸ್ಕಾರ್ರಿ ಸರ. ನಮ್ಮದು ಮುಧೋಳ ತಾಲ್ಲೂಕು. ಕಬ್ಬು ಕಡದ ಮ್ಯಾಲ ರವದಿ (ಒಣಗಿದ ಸೋಗಿ) ಸುಡೂದು ನಮ್ಮಲ್ಲಿ ಮೊದಲಿಂದ ನಡಕೊಂಡ ಬಂದೈತಿ. ಈಗ ನೋಡಿದ್ರ ಭೂಮಿ ಕಾಯಾಕ ನೀವ ಕಾರಣ ಅಂತಾರ. ನಮ್ಮ ಅಜ್ಜ ಅಂತಾನ, ‘ಬಿಸಲು, ಬರ ಮೊದಲೂ ಇದ್ವು. ಎಲ್ಲಾ ಸೂರ್ಯಾನ ಆಟ, ಮನಷ್ಯಾನ ಕೈಲೇ ಏನಾಗತೈತಿ?’ ಯಾರ ಮಾತು ಖರೆ?

ಉತ್ತರ: ಅಜ್ಜಾರ ಮಾತು ಅರ್ಧ ಖರೆ. ಬರ ಮೊದಲೂ ಇತ್ತು. 1876–78ರಲ್ಲಿ ನಮ್ಮ ಬಿಜಾಪುರ ಸೀಮೆಯನ್ನು ಅಲ್ಲಾಡಿಸಿದ ಬರದ ಹೊತ್ತಿಗೆ ಪೆಸಿಫಿಕ್ ಸಾಗರದಲ್ಲಿ ಭಾರೀ ಎಲ್ ನಿನೊ (ಅಲ್ಲಿನ ಮೇಲ್ನೀರು ಕಾಯ್ದು ನಮ್ಮ ಮಳೆ ಕೆಡಿಸುವ ವಿದ್ಯಮಾನ) ಎದ್ದಿತ್ತು. ಅದಕ್ಕೆ ಕಾರ್ಖಾನೆ ಹೊಗೆಯನ್ನು ದೂರಬೇಕಿಲ್ಲ. (ಜನ ಸತ್ತದ್ದು ಮಳೆ ಕೈಕೊಟ್ಟದ್ದಕ್ಕಷ್ಟೇ ಅಲ್ಲ, ಕಾಳು ಹಡಗು ಹತ್ತಿ ಹೊರದೇಶಕ್ಕೆ ಹೋಗುತ್ತಲೇ ಇತ್ತು. ಆ ಕತೆ ಬೇರೆ.) ಆದರೆ ಎಲ್ ನಿನೊ ಹೊಸ ಶಾಖ ಹುಟ್ಟಿಸುವುದಿಲ್ಲ, ಸಮುದ್ರದಲ್ಲಿ ಇದ್ದುದನ್ನು ಮೇಲಕ್ಕೆ ತಂದು ಹರಡುತ್ತದೆ. ವರ್ಷ ಎರಡು ವರ್ಷಕ್ಕೆ ಇಳಿಯುತ್ತದೆ. ಈಗಿನ ಕಾವು ಇಳಿಯದೆ ದಶಕದಿಂದ ದಶಕಕ್ಕೆ ಏರುತ್ತಿದೆ.

ಇನ್ನು ಸೂರ್ಯ. 1978ರಿಂದ ಉಪಗ್ರಹಗಳು ಸೂರ್ಯನ ಶಾಖವನ್ನು ನೇರವಾಗಿ ಅಳೆಯುತ್ತಿವೆ. ಹೆಚ್ಚುಕಡಿಮೆ 11 ವರ್ಷಕ್ಕೊಮ್ಮೆ ಅದು ಒಂದಿಷ್ಟು ಏರಿ ಇಳಿಯುತ್ತದೆ, ಒಟ್ಟಾರೆ ಹೆಚ್ಚಿಲ್ಲ. ಇನ್ನೂ ಗಟ್ಟಿ ಸಾಕ್ಷಿ ಬೇಕೆಂದರೆ ಚಳಿಗಾಲದ ಕೌದಿಯನ್ನು ನೆನೆಸಿಕೊಳ್ಳಿ. ಎರಡು ಕೌದಿ ಹೊದ್ದು ಮಲಗಿದರೆ ಒಳಗೆ ಬೆಚ್ಚಗಾಗುತ್ತದೆ, ಮೇಲಿನ ಕೌದಿಯ ಹೊರಮೈ ಮುಟ್ಟಿದರೆ ತಣ್ಣಗಿರುತ್ತದೆ. ಪಕ್ಕದಲ್ಲಿ ಅಗ್ಗಿಷ್ಟಿಗೆ ಇಟ್ಟರೆ ಹೊರಮೈಯೂ ಕಾಯಬೇಕು. ಸೂರ್ಯನೇ ಕಾರಣವಾಗಿದ್ದರೆ ವಾತಾವರಣದ ಕೆಳಪದರ, ಮೇಲ್ಪದರ ಎರಡೂ ಕಾಯಬೇಕಿತ್ತು. ಅಳತೆ ಹೇಳುವುದೇನೆಂದರೆ, ಕೆಳಗೆ ಕಾಯ್ದಿದೆ, ಮೇಲೆ ಸ್ಟ್ರ್ಯಾಟೊಸ್ಫಿಯರ್ ತಣ್ಣಗಾಗಿದೆ. ಕೌದಿ, ಅಂದರೆ ಶಾಖವನ್ನು ಹಿಡಿದಿಡುವ ಇಂಗಾಲದ ಡೈಆಕ್ಸೈಡಿನಂಥ ಅನಿಲಗಳ ಹೊದಿಕೆ, ದಪ್ಪವಾಗಿದೆ ಎಂದರ್ಥ.

ಆ ಕೌದಿಗೆ ಅರಿವೆ ಸೇರಿಸಿದವರು ಯಾರು? ಇಲ್ಲಿಗೆ ನಿಮ್ಮ ರವದಿ ಬರುತ್ತದೆ. ಕಬ್ಬಿನ ಎಲೆಯಲ್ಲಿರುವ ಕಾರ್ಬನ್ ಇದೇ ಹೋದ ವರ್ಷ ಗಾಳಿಯಿಂದ ಎಳೆದುಕೊಂಡದ್ದು. ಸುಟ್ಟರೆ ಗಾಳಿಗೆ ಹೋಗುತ್ತದೆ, ಕಡಿದ ಬುಡದಿಂದ ಚಿಗುರುವ ಮುಂದಿನ ಕೂಳಿ ಬೆಳೆ ಮತ್ತೆ ಎಳೆದುಕೊಳ್ಳುತ್ತದೆ. ಇದು ಕೈಗಡದ ವ್ಯವಹಾರ, ಇಸಿದುಕೊಂಡು ತಿರುಗಿಸಿ ಕೊಟ್ಟಂತೆ. ಕಲ್ಲಿದ್ದಲು ಹಾಗಲ್ಲ. ಇಪ್ಪತ್ತೈದು ಕೋಟಿ ವರ್ಷಕ್ಕೂ ಹಿಂದಿನ ಕಾಡು ನೆಲದೊಳಗೆ ಹೂತು ಹೋದದ್ದು ಅದು. ಗಾಳಿಯ ಲೆಕ್ಕದಿಂದ ಎಂದೋ ಹೊರಗಿದ್ದ ಕಾರ್ಬನ್ನನ್ನು ನಾವು ಅಗೆದು ತಂದು ಜಮಾ ಮಾಡುತ್ತಿದ್ದೇವೆ.

ಗಾಳಿಯಲ್ಲಿ ಹಳೆ ಕಾರ್ಬನ್ ಯಾವುದು, ಹೊಸದು ಯಾವುದು ಎಂದು ಗುರುತಿಸಬಹುದೇ? ಬಹುದು. ಜೀವವಿರುವ ಗಿಡದಲ್ಲಿ ಕಾರ್ಬನ್-14 ಎಂಬ ವಿಕಿರಣಶೀಲ ರೂಪ ಅತಿ ಚೂರು ಇರುತ್ತದೆ. ಅದು 5,730 ವರ್ಷಕ್ಕೆ ಅರ್ಧವಾಗುತ್ತದೆ, ಹೀಗಾಗಿ ಕಲ್ಲಿದ್ದಲು, ಡೀಸೆಲ್‌ಗಳಲ್ಲಿ ಲವಲೇಶವೂ ಉಳಿದಿಲ್ಲ. ಅವನ್ನು ಸುಟ್ಟಷ್ಟೂ ಗಾಳಿಯ ಕಾರ್ಬನ್-14 ತೆಳುವಾಗಬೇಕು, ಹಾಲಿಗೆ ನೀರು ಬೆರೆಸಿದ ಹಾಗೆ. ಹಾನ್ಸ್ ಸೂಸ್ ಎಂಬ ವಿಜ್ಞಾನಿ 1955ರಲ್ಲೇ ಮರದ ಕಟ್ಟಿಗೆಯಲ್ಲಿ ಇದನ್ನು ಅಳೆದು ತೋರಿಸಿದರು. ಕೈಗಾರಿಕೆಗೆ ಮೊದಲು ಗಾಳಿಯ ಹತ್ತು ಲಕ್ಷ ಭಾಗದಲ್ಲಿ 280 ಭಾಗ ಇದ್ದ ಇಂಗಾಲದ ಡೈಆಕ್ಸೈಡ್ ಈಗ 420 ದಾಟಿದೆ. ಜ್ವಾಲಾಮುಖಿಗಳದೇ ಹೊಗೆ ಎನ್ನುವವರೂ ಉಂಟು. ಅವೆಲ್ಲ ಸೇರಿ ವರ್ಷಕ್ಕೆ ಬಿಡುವುದು ನಾವು ಬಿಡುವುದರಲ್ಲಿ ನೂರಕ್ಕೆ ಒಂದು ಪಾಲೂ ಇಲ್ಲ.

ಹಾಗಾದರೆ ರವದಿ ಸುಡಬಹುದೇ ಅಂದ್ರೆ, ಬ್ಯಾಡ್ರಿ. ಅರೆಬರೆ ಉರಿದಾಗ ಮಸಿಯ ಜೊತೆ ಮಿಥೇನ್, ನೈಟ್ರಸ್ ಆಕ್ಸೈಡ್ ಹೊರಡುತ್ತವೆ. ಅವು ಕೈಗಡದ ಲೆಕ್ಕಕ್ಕೆ ಸೇರುವುದಿಲ್ಲ. ಮಣ್ಣಿಗೆ ಸೇರಬೇಕಾದ ಕಸುವೂ ಸುಟ್ಟು ಹೋಗುತ್ತದೆ.

ಖರೆ ಹೇಳಬೇಕೆಂದರೆ ನಿಮ್ಮ ಹೊಲದಲ್ಲಿ ರವದಿಗಿಂತ ದೊಡ್ಡ ಬಾಬತ್ತುಗಳು ಬೇರೆ ಇವೆ. ಟ್ರ್ಯಾಕ್ಟರಿನಲ್ಲಿ ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಬರುತ್ತದೆ. ಲೀಟರ್ ಡೀಸೆಲ್ ಒಂದು ಕೆ.ಜಿ.ಯೂ ತೂಗುವುದಿಲ್ಲ, ಇಷ್ಟು ಹೇಗೆ ಬಂತು ಎಂದು ತರಗತಿಯಲ್ಲಿ ಹುಡುಗರು ಪ್ರತಿ ವರ್ಷ ಜಗಳಕ್ಕೆ ಬರುತ್ತಿದ್ದರು. ಉಳಿದ ತೂಕ ಗಾಳಿಯ ಆಮ್ಲಜನಕದ್ದು. 7.5 ಎಚ್.ಪಿ. ಪಂಪ್‌ಸೆಟ್ ಏಳು ತಾಸು ಓಡಿದರೆ 40 ಯೂನಿಟ್ ಹತ್ತಿರ ಬರುತ್ತದೆ. ಆ ಕರೆಂಟು ಪೂರ್ತಿ ಕಲ್ಲಿದ್ದಲಿನದಾದರೆ ಯೂನಿಟ್ಟಿಗೆ ಹೆಚ್ಚುಕಡಿಮೆ ಒಂದು ಕೆ.ಜಿ. ಎಂದು ಲೆಕ್ಕ ಹಿಡಿಯಿರಿ. ಯೂರಿಯಾದ್ದು ಇನ್ನೂ ಗುಟ್ಟಿನ ವ್ಯವಹಾರ. ಹಾಕಿದ ಸಾರಜನಕದಲ್ಲಿ ಸರಾಸರಿ ನೂರಕ್ಕೆ ಒಂದು ಪಾಲು ನೈಟ್ರಸ್ ಆಕ್ಸೈಡ್ ಆಗಿ ಹಾರುತ್ತದೆ. ಒಂದೇ ಪಾಲಲ್ಲವೇ ಎನ್ನಬೇಡಿ. ಆ ಅನಿಲದ ಒಂದು ಕೆ.ಜಿ., ನೂರು ವರ್ಷದ ಲೆಕ್ಕದಲ್ಲಿ, ಇಂಗಾಲದ ಡೈಆಕ್ಸೈಡಿನ 270 ಕೆ.ಜಿ.ಗೆ ಸಮ. ನೀರು ನಿಲ್ಲಿಸಿದ ಹೊಲಕ್ಕೆ ಚೀಲಗಟ್ಟಲೆ ಎರಚಿದಷ್ಟೂ ಇದು ಹೆಚ್ಚು.

ಆದರೂ ‘ನೀವ ಕಾರಣ’ ಎಂದು ರೈತರತ್ತ ಬೆರಳು ಮಾಡುವುದನ್ನು ನಾನು ಒಪ್ಪುವುದಿಲ್ಲ. ಭಾರತದ ಒಬ್ಬ ಪ್ರಜೆಯ ಪಾಲಿಗೆ ವರ್ಷಕ್ಕೆ ಬರುವುದು ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್, ಅಮೆರಿಕದವನ ಪಾಲಿಗೆ ಸುಮಾರು 14. ಗಾಳಿಯಲ್ಲಿ ಜಮಾ ಆಗಿರುವ ಹಳೆ ಬಾಕಿಯಲ್ಲೂ ಅತಿ ದೊಡ್ಡ ಪಾಲು ಅಮೆರಿಕದ್ದೇ.

ಪ್ರಶ್ನೆ: ಕೂಡಗಿಯ ಕಲ್ಲಿದ್ದಲ ವಿದ್ಯುತ್ ಸ್ಥಾವರ ಶುರುವಾದ ಮೇಲೆ ನಮ್ಮ ಕಡೆ ಬಿಸಿಲು ಜಾಸ್ತಿ ಆಗಿದೆ ಎಂದು ಊರಲ್ಲಿ ಮಾತು. ಹೌದೇ? – ವಿದ್ಯಾರ್ಥಿನಿ, ಬಸವನ ಬಾಗೇವಾಡಿ

ಉತ್ತರ: ಇಲ್ಲಮ್ಮ. ತಲಾ 800 ಮೆಗಾವಾಟಿನ ಮೂರು ಘಟಕಗಳು ದೊಡ್ಡವೇ. ಆದರೆ ಚಿಮಣಿಯ ಬಿಸಿ ಸುತ್ತಲಲ್ಲೇ ಚದುರಿ ಹೋಗುತ್ತದೆ. ಬೂದಿ, ನೀರಿನ ಪ್ರಶ್ನೆಗಳು ಊರಿನವು. ಇಂಗಾಲದ ಡೈಆಕ್ಸೈಡ್ ಮಾತ್ರ ಊರಿನದಾಗಿ ಉಳಿಯುವುದಿಲ್ಲ, ವರ್ಷದೊಳಗೆ ಭೂಮಿಯ ಗಾಳಿಯಲ್ಲೆಲ್ಲ ಬೆರೆಯುತ್ತದೆ. ಬಾಗೇವಾಡಿಯ ಬಿಸಿಲಿನಲ್ಲಿ ಕೂಡಗಿಯ ಪಾಲು ಎಷ್ಟೋ ಬೆಂಗಳೂರಿನ ಬಿಸಿಲಿನಲ್ಲೂ ಅಷ್ಟೇ.

ಪ್ರಶ್ನೆ: ಬಾಗಲಕೋಟೆ ಸಿಮೆಂಟ್ ಊರು. ಕಾರ್ಖಾನೆಗಳು ಪೂರ್ತಿ ಸೋಲಾರಿಗೆ ಬದಲಾದರೆ ಹೊಗೆ ನಿಂತೀತೇ?

ಉತ್ತರ: ಅರ್ಧವೂ ನಿಲ್ಲುವುದಿಲ್ಲ. ಸುಣ್ಣದ ಭಟ್ಟಿ ನೋಡಿದವರಿಗೆ ಇದು ಗೊತ್ತಾಗಬೇಕು: 100 ಕೆ.ಜಿ. ಶುದ್ಧ ಸುಣ್ಣದಕಲ್ಲು ಸುಟ್ಟರೆ ಕೈಗೆ ಬರುವುದು 56 ಕೆ.ಜಿ. ಸುಣ್ಣ. ಉಳಿದ 44 ಕೆ.ಜಿ. ಕಲ್ಲಿನೊಳಗೇ ಇದ್ದ ಇಂಗಾಲದ ಡೈಆಕ್ಸೈಡ್. ಬೆಂಕಿ ಯಾವುದರದ್ದಾದರೂ ಅದು ಹೊರಬಿದ್ದೇ ಬೀಳುತ್ತದೆ. ಸುಟ್ಟ ಕಲ್ಲಿನ ಪಾಲು ತಗ್ಗಿಸಿ ಹಾರುಬೂದಿ ಬೆರೆಸಿದ ಸಿಮೆಂಟ್ ಈಗಾಗಲೇ ನಿಮ್ಮೂರ ಅಂಗಡಿಯಲ್ಲಿದೆ, ಚೀಲದ ಮೇಲೆ ಪಿಪಿಸಿ ಎಂದು ಬರೆದಿರುತ್ತಾರೆ. ಆ ಬೂದಿ ಬರುವುದು ಮಾತ್ರ ಕಲ್ಲಿದ್ದಲ ಸ್ಥಾವರಗಳಿಂದಲೇ.