ಹೊಸ ಪದವೀಧರರಲ್ಲಿ ಕಂಪನಿಗಳು ಯಾವ ಡಿಗ್ರಿಗೆ ಹೆಚ್ಚು ಮಣೆ ಹಾಕುತ್ತವೆ?

ಬೆಂಗಳೂರಿನ ಮಟ್ಟಿಗೆ ಕಂಪ್ಯೂಟರ್ ಸೈನ್ಸ್ ಬಿಇ ಮೊದಲು, ಅದರ ಹಿಂದೆಯೇ ಎಲೆಕ್ಟ್ರಾನಿಕ್ಸ್. ಲೆಕ್ಕಪತ್ರ, ಆಡಿಟ್ ಕೆಲಸಕ್ಕೆ ಬಿಕಾಂ. ಆದರೆ ದೊಡ್ಡ ಐಟಿ ಸೇವಾ ಕಂಪನಿಗಳು ಮೆಕ್ಯಾನಿಕಲ್, ಸಿವಿಲ್‌ನವರನ್ನೂ ತೆಗೆದುಕೊಳ್ಳುತ್ತವೆ. ಸೇರಿದ ಮೇಲೆ ಕೆಲವು ತಿಂಗಳು ಕೋಡಿಂಗನ್ನು ಅವರೇ ಕಲಿಸುವುದರಿಂದ ಡಿಗ್ರಿ ಅವರಿಗೆ ಬರೀ ಜರಡಿ. ಎಷ್ಟೋ ಕಡೆ ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿ ಮೂರರಲ್ಲೂ 60% ಇರಬೇಕು, ಬ್ಯಾಕ್‌ಲಾಗ್ ಇರಬಾರದು. ಹಾಗಾಗಿ ಎರಡು ಪೇಪರ್ ಉಳಿಸಿಕೊಂಡ ಕಂಪ್ಯೂಟರ್ ಸೈನ್ಸ್ ಹುಡುಗ ಅರ್ಜಿಯಲ್ಲೇ ಹೊರಬೀಳುತ್ತಾನೆ. ಎಲ್ಲ ಪಾಸಾದ ಸಿವಿಲ್ ಹುಡುಗಿ ಆಪ್ಟಿಟ್ಯೂಡ್ ಟೆಸ್ಟ್‌ಗೆ ಕೂರುತ್ತಾಳೆ. ಬಿಸಿಎ, ಬಿಎಸ್ಸಿಯವರು ವಿಪ್ರೋದ ವಿಲ್ಪ್ ಯೋಜನೆ ನೋಡಿ, ಕೆಲಸದ ಜೊತೆಗೇ ಎಂ.ಟೆಕ್ ಓದಿಸುತ್ತಾರೆ. ಒಪ್ಪಂದ ಎಷ್ಟು ವರ್ಷದ್ದು ಎಂಬುದನ್ನು ಮಾತ್ರ ಸಹಿ ಹಾಕುವ ಮೊದಲೇ ಓದಿಕೊಳ್ಳಿ.