ಲೀಗ್ ಗೆದ್ದವರು ದೊಡ್ಡವರೋ, ಕಪ್ ಗೆದ್ದವರೋ?

ಫುಟ್ಬಾಲಿನಲ್ಲಿ ಕಪ್ ಪಂದ್ಯಾವಳಿ ಇರುವಾಗ ತಿಂಗಳುಗಟ್ಟಲೆ ಎಳೆಯುವ ಲೀಗ್ ಏಕೆ ಬೇಕು, ಎರಡನ್ನೂ ಬೇರೆ ಬೇರೆ ತಂಡಗಳು ಗೆದ್ದರೆ ಯಾರನ್ನು ಶ್ರೇಷ್ಠರೆನ್ನಬೇಕು ಎಂದು ನೀವು ಕೇಳಿದ್ದೀರಿ. ನಾನು ಕಾಸರಗೋಡಿನವನು. ನಮ್ಮಲ್ಲಿ ಫುಟ್ಬಾಲ್ ಎಂದರೆ ಮೊದಲು ಸೆವೆನ್ಸ್, ಅಂದರೆ ತಂಡಕ್ಕೆ ಏಳು ಮಂದಿಯ ಆಟ; ಹನ್ನೊಂದು ಮಂದಿಯ ಆಟ ಆಮೇಲಿನದು. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಮೊಗ್ರಾಲಿನಿಂದ ತೃಕ್ಕರಿಪುರದವರೆಗೆ, ಕೊಯ್ಲು ಮುಗಿದ ಗದ್ದೆಗಳಲ್ಲೋ ಶಾಲಾ ಮೈದಾನಗಳಲ್ಲೋ ಹೊನಲು ಬೆಳಕಿನಲ್ಲಿ ನಡೆಯುವ ಈ ಪಂದ್ಯಾವಳಿಗಳು ಬಹುಮಟ್ಟಿಗೆ ನಾಕೌಟ್ ಮಾದರಿಯವು. ಸೋತ ತಂಡ ಅದೇ ರಾತ್ರಿ ಬೂಟು ಬಿಚ್ಚಿ ವ್ಯಾನು ಹತ್ತುತ್ತದೆ. ಟಿಕೆಟ್ ಮಾರುವ ಕ್ಲಬ್ಬಿಗೆ ಇದಕ್ಕಿಂತ ಅನುಕೂಲದ ಏರ್ಪಾಡು ಇನ್ನೊಂದಿಲ್ಲ, ಏಕೆಂದರೆ ಲೆಕ್ಕಕ್ಕೆ ಬಾರದ ಪಂದ್ಯವೆಂಬುದೇ ಅಲ್ಲಿರುವುದಿಲ್ಲ. ಅತಿಥಿ ಆಟಗಾರರಿಗೂ ಹಣ ಸಿಗುವುದು ಆಡಿದ ಪಂದ್ಯಕ್ಕೆ ಮಾತ್ರ. ಆದರೆ ಹದಿನಾರು ತಂಡಗಳ ನಾಕೌಟ್‌ನಲ್ಲಿ ಒಟ್ಟು ಪಂದ್ಯಗಳು 15, ಮತ್ತು ಅವುಗಳಲ್ಲಿ ಎಂಟು ತಂಡಗಳು ಒಂದೇ ಆಟಕ್ಕೆ ಮನೆಗೆ ಮರಳುತ್ತವೆ. ಅದೇ ಹದಿನಾರು ತಂಡಗಳು ಲೀಗ್ ಮಾದರಿಯಲ್ಲಿ, ತವರಿನಲ್ಲೊಮ್ಮೆ, ಎದುರಾಳಿಯ ಊರಿನಲ್ಲೊಮ್ಮೆ ಪರಸ್ಪರ ಆಡಿದರೆ ಪಂದ್ಯಗಳು 240 ಆಗುತ್ತವೆ. ಕೊನೆಯ ಸ್ಥಾನದ ತಂಡಕ್ಕೂ 30 ಪಂದ್ಯಗಳು ಖಾತರಿ.

ಈ ಖಾತರಿಗಾಗಿಯೇ ಲೀಗ್ ಹುಟ್ಟಿತು. ಇಂಗ್ಲೆಂಡಿನಲ್ಲಿ ಎಫ್‌ಎ ಕಪ್ ಎಂಬ ನಾಕೌಟ್ ಪಂದ್ಯಾವಳಿ 1871–72ರಲ್ಲೇ ಆರಂಭವಾಗಿತ್ತು. 1885ರಲ್ಲಿ ಆಟಗಾರರಿಗೆ ಸಂಬಳ ಕೊಡಲು ಅನುಮತಿ ದೊರೆತ ಮೇಲೆ, ಕಪ್‌ನಿಂದ ಬೇಗ ಹೊರಬಿದ್ದು, ಗೊತ್ತುಮಾಡಿದ ಸ್ನೇಹಪರ ಪಂದ್ಯಗಳೂ ರದ್ದಾದರೆ ಸಂಬಳಕ್ಕೆ ಹಣ ಎಲ್ಲಿಂದ ತರುವುದೆಂಬ ಚಿಂತೆ ಕ್ಲಬ್ಬುಗಳಿಗೆ ಹತ್ತಿತು. ಆಸ್ಟನ್ ವಿಲ್ಲಾ ಕ್ಲಬ್ಬಿನ ವಿಲಿಯಂ ಮೆಕ್‌ಗ್ರೆಗರ್ ಮುಂದಾಳತ್ವ ವಹಿಸಿ, 1888ರಲ್ಲಿ ಹನ್ನೆರಡು ಕ್ಲಬ್ಬುಗಳ ಫುಟ್ಬಾಲ್ ಲೀಗ್ ಆರಂಭಿಸಿದರು. ಅದೇ ವರ್ಷ ಶಿಮ್ಲಾದಲ್ಲಿ ಸೇನಾ ತಂಡಗಳಿಗಾಗಿ ಡುರಾಂಡ್ ಕಪ್ ಆರಂಭವಾಯಿತು.

ಅಲ್ಲಿಂದ ಮುಂದೆ ನಮ್ಮದು ಕಪ್‌ಗಳ ದೇಶವಾಗಿಯೇ ಉಳಿಯಿತು. ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿ 1941ರಲ್ಲಿ, ಕ್ಲಬ್ಬುಗಳ ನಡುವಿನ ಫೆಡರೇಷನ್ ಕಪ್ 1977ರಲ್ಲಿ ಬಂದವು. ಕಲ್ಕತ್ತಾದಂಥ ನಗರಗಳಿಗೆ ತಮ್ಮದೇ ಲೀಗ್‌ಗಳಿದ್ದರೂ ರಾಷ್ಟ್ರೀಯ ಲೀಗ್ ಬರಲು 1996 ಆಗಬೇಕಾಯಿತು. ಇಷ್ಟು ತಡವಾದದ್ದಕ್ಕೂ ಸಂಬಳವೇ ಒಂದು ಕಾರಣವೆಂದು ನನ್ನ ಅಭಿಪ್ರಾಯ. ನಮ್ಮ ಆಟಗಾರರಲ್ಲಿ ಅನೇಕರಿಗೆ ಸಂಬಳ ಕೊಡುತ್ತಿದ್ದದ್ದು ಪೊಲೀಸ್, ರೈಲ್ವೆ, ಬ್ಯಾಂಕುಗಳೇ ಹೊರತು ಟಿಕೆಟ್ ಹಣವಲ್ಲ. 1990 ಮತ್ತು 1991ರಲ್ಲಿ ಫೆಡರೇಷನ್ ಕಪ್ ಗೆದ್ದ ಕೇರಳ ಪೊಲೀಸ್ ತಂಡವನ್ನು ನೋಡಿ: ವಿ.ಪಿ. ಸತ್ಯನ್, ಐ.ಎಂ. ವಿಜಯನ್ ಅವರಂಥ ಹೆಸರಾಂತ ಆಟಗಾರರಿದ್ದ ತಂಡಕ್ಕೆ ದೇಶದಲ್ಲಿ ಆಡಲು ರಾಷ್ಟ್ರೀಯ ಲೀಗೇ ಇರಲಿಲ್ಲ. ಸರ್ಕಾರಿ ನೌಕರಿ ಇದ್ದವನಿಗೆ ಲೀಗ್ ಇಲ್ಲದಿದ್ದರೂ ಒಲೆ ಉರಿಯುತ್ತಿತ್ತು, ಕ್ಲಬ್ಬನ್ನೇ ನಂಬಿದವನಿಗೆ ಹಾಗಲ್ಲ.

ಇನ್ನು ಶ್ರೇಷ್ಠರು ಯಾರೆಂಬ ಪ್ರಶ್ನೆ. ನನ್ನ ಮತ ಲೀಗ್ ಗೆದ್ದವರಿಗೆ. ಗಾಯ, ಮಳೆ, ಕೆಟ್ಟ ರೆಫರಿ ಎಲ್ಲವೂ ಇಡೀ ಋತುವಿನಲ್ಲಿ ಎಲ್ಲರಿಗೂ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗುತ್ತವೆ; ಕಪ್‌ನಲ್ಲಿ ಅವೆಲ್ಲ ಒಂದೇ ಸಂಜೆ ಒಬ್ಬನ ತಲೆಗೇ ಬೀಳಬಹುದು. 2013ರಲ್ಲಿ ಇಂಗ್ಲೆಂಡಿನ ವಿಗನ್ ತಂಡವು ಮ್ಯಾಂಚೆಸ್ಟರ್ ಸಿಟಿಯನ್ನು 1–0 ಅಂತರದಲ್ಲಿ ಮಣಿಸಿ ಎಫ್‌ಎ ಕಪ್ ಎತ್ತಿತು, ಕೆಲವೇ ದಿನಗಳಲ್ಲಿ ಅಲ್ಲಿನ ಮೇಲ್ದರ್ಜೆಯ ಪ್ರೀಮಿಯರ್ ಲೀಗ್‌ನಿಂದ ಕೆಳದರ್ಜೆಗೂ ಇಳಿಯಿತು. ಆ ಋತುವಿನ ವಿಗನ್ ಎಂಥ ತಂಡವೆಂಬುದನ್ನು ಹೇಳಿದ್ದು ಅಂಕಪಟ್ಟಿಯೇ. ಆದರೂ ವಿಗನ್ ಊರಿನವರು ಇಂದಿಗೂ ನೆನೆಯುವುದು ತೊಂಬತ್ತು ನಿಮಿಷ ಕಳೆದ ಮೇಲೆ ಬೆನ್ ವಾಟ್ಸನ್ ತಲೆಯಿಂದ ಹೊಡೆದ ಗೋಲನ್ನೇ ಇರಬೇಕು. ಅವರನ್ನು ತಪ್ಪೆನ್ನಲಾರೆ.

ನಮ್ಮ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಮಾತ್ರ 2024–25ರ ಋತುವಿನವರೆಗೆ ಎರಡು ದೋಣಿಯಲ್ಲಿ ಕಾಲಿಟ್ಟಿತ್ತು. ಅಂಕಪಟ್ಟಿಯಲ್ಲಿ ಮೊದಲು ಬಂದವರಿಗೆ ಶೀಲ್ಡ್, ಅದರ ನಂತರದ ನಾಕೌಟ್ ಸುತ್ತಾದ ಪ್ಲೇಆಫ್ ಗೆದ್ದವರಿಗೆ ಟ್ರೋಫಿ. 2021–22ರಲ್ಲಿ ಶೀಲ್ಡ್ ಗೆದ್ದದ್ದು ಜೆಮ್‌ಶೆಡ್‌ಪುರ. ಅವರನ್ನು ನಾಲ್ಕನೆಯ ಸ್ಥಾನದಲ್ಲಿದ್ದ ನಮ್ಮ ಕೇರಳ ಬ್ಲಾಸ್ಟರ್ಸ್ ಸೆಮಿಫೈನಲ್‌ನಲ್ಲಿ ಹೊರದಬ್ಬಿತು. ಫೈನಲ್‌ನಲ್ಲಿ ಪೆನಾಲ್ಟಿ ಹೊಡೆತಗಳಲ್ಲಿ ಟ್ರೋಫಿ ಹೈದರಾಬಾದಿನ ಪಾಲಾಯಿತು. ಅಂದು ಬ್ಲಾಸ್ಟರ್ಸ್ ಗೆದ್ದಿದ್ದರೆ ನಾವು ಊರಿಡೀ ಪಟಾಕಿ ಹೊಡೆಯುತ್ತಿದ್ದೆವು, ನಿಜ. ಆದರೆ ಆ ಋತುವಿನ ಅತ್ಯುತ್ತಮ ತಂಡ ಯಾವುದೆಂದು ನೀವು ಕೇಳಿದ್ದರೆ, ಆಗಲೂ ನಾನು ಜೆಮ್‌ಶೆಡ್‌ಪುರವೆಂದೇ ಹೇಳುತ್ತಿದ್ದೆ.