ಪರ್ಲ್ ಹಾರ್ಬರ್ ತನಕ ಹೋದ ಜಪಾನಿನ ಹಡಗುಗಳಿಗೆ ದಾರಿಯಲ್ಲಿ ಎಣ್ಣೆ ಎಲ್ಲಿಂದ ಬಂತು? ಅಂಥ ಎಣ್ಣೆ ಹಡಗುಗಳು ಈಗಲೂ ಇವೆಯಾ?

ಜಪಾನ್ 1941ರ ಡಿಸೆಂಬರ್‌ನಲ್ಲಿ ಬಾಂಬ್ ಹಾಕಿದ ಹವಾಯಿಯ ಅಮೆರಿಕನ್ ನೌಕಾನೆಲೆಯೇ ಪರ್ಲ್ ಹಾರ್ಬರ್. ಅಲ್ಲಿಗೆ ಹೋದ ಹಡಗುಗಳಿಗೆ ಎಣ್ಣೆ ಏಳು ಟ್ಯಾಂಕರ್‌ಗಳಿಂದ, ಅಂದರೆ ಎಣ್ಣೆ ಸಾಗಿಸುವ ಹಡಗುಗಳಿಂದ ಬಂತು. ನನಗೆ ಹಳೆ ಹಡಗುಗಳ ಹುಚ್ಚು ಸ್ವಲ್ಪ ಜಾಸ್ತಿ, ಅದಕ್ಕೇ ಉತ್ತರ ಬರೆಯಲು ಕೂತೆ.

ಕ್ಯೊಕುತೊ ಮಾರು, ಕೆನ್ಯೊ ಮಾರು, ಕೊಕುಯೊ ಮಾರು, ಶಿಂಕೊಕು ಮಾರು, ತೊಹೊ ಮಾರು, ತೊಯೇ ಮಾರು, ನಿಪ್ಪಾನ್ ಮಾರು. ಹೆಸರಿನ ಕೊನೆಗೆ 'ಮಾರು' ಇದ್ದರೆ ಅದು ಮೂಲತಃ ವ್ಯಾಪಾರದ ಹಡಗು. ಇವೂ ಅಷ್ಟೇ. ಕ್ಯಾಲಿಫೋರ್ನಿಯಾದಿಂದ ಜಪಾನಿಗೆ ಎಣ್ಣೆ ಸಾಗಿಸುವ ಕಾಲದಲ್ಲಿ ಕಟ್ಟಿದ ವೇಗದ ಟ್ಯಾಂಕರ್‌ಗಳು. ಆಗ ಜಪಾನಿನ ಎಣ್ಣೆಯಲ್ಲಿ ಹೆಚ್ಚಿನ ಪಾಲು ಅಮೆರಿಕದ್ದೇ. 1941ರ ಆಗಸ್ಟ್‌ನಲ್ಲಿ ಅಮೆರಿಕ ಆ ಎಣ್ಣೆಯ ನಲ್ಲಿ ಬಂದ್ ಮಾಡಿತು.

ನವೆಂಬರ್ 26ರಂದು ಜಪಾನಿನ ಉತ್ತರಕ್ಕಿರುವ ಕುರಿಲ್ ದ್ವೀಪಗಳ ಹಿತೊಕಪ್ಪು ಕೊಲ್ಲಿಯಿಂದ ಆರು ವಿಮಾನವಾಹಕಗಳು ಹೊರಟವು. ಹವಾಯಿಗೆ 3,000 ನಾಟಿಕಲ್ ಮೈಲಿಗೂ ಜಾಸ್ತಿ ದಾರಿ. ಅಕಾಗಿ, ಸೊರ್‍ಯು, ಹಿರ್‍ಯು ಈ ಮೂರರ ಹೊಟ್ಟೆಗೆ ಹಿಡಿಸುವ ಎಣ್ಣೆ ಅಷ್ಟು ದೂರಕ್ಕೆ ಸಾಲದು. ಜಾಗ ಸಿಕ್ಕಿದಲ್ಲೆಲ್ಲ ಡ್ರಮ್ ಪೇರಿಸಿದರು. ಜೊತೆಗೆ ಕಾವಲಿಗಿದ್ದ ಚಿಕ್ಕ ಯುದ್ಧನೌಕೆಗಳಾದ ಡೆಸ್ಟ್ರಾಯರ್‌ಗಳ ಪಾಡಂತೂ ಕೇಳಬೇಡಿ, ಅವಕ್ಕೆ ಮತ್ತೆ ಮತ್ತೆ ತುಂಬಿಸಬೇಕು. ಚಳಿಗಾಲದ ಉತ್ತರ ಪೆಸಿಫಿಕ್, ಅಲೆಗೆ ಎರಡೂ ಹಡಗು ಹೊಯ್ದಾಡುತ್ತಿವೆ, ನಡುವೆ ಒಂದು ಪೈಪು. ಬಾಂಬ್ ಹಾಕಿದ ಪೈಲಟ್‌ಗಳ ಕತೆ ಎಲ್ಲರಿಗೂ ಗೊತ್ತು. ನನ್ನ ಕೇಳಿದರೆ ಆ ಪೈಪು ಹಿಡಿದವರ ಕೆಲಸವೇನೂ ಕಡಿಮೆಯಲ್ಲ.

ಜಪಾನಿನ ನೌಕಾಪಡೆಗೆ ದೊಡ್ಡ ಕಾಳಗದ ಮೇಲಿದ್ದ ಆಸೆ ಟ್ಯಾಂಕರ್ ಕಾಯುವುದರ ಮೇಲೆ ಇರಲಿಲ್ಲ. ಇಂಡೋನೇಷ್ಯಾದ ಎಣ್ಣೆಬಾವಿ ಗೆದ್ದರು ಸರಿ, ಎಣ್ಣೆ ಮನೆಗೆ ಬರಬೇಕಲ್ವಾ? ಆ ಏಳರಲ್ಲಿ ಐದನ್ನು ಅಮೆರಿಕದ ಸಬ್‌ಮರೀನ್‌ಗಳು ಮುಳುಗಿಸಿದವು. ಕೆನ್ಯೊ ಮತ್ತು ನಿಪ್ಪಾನ್ ಹೋಗಿದ್ದು ಒಂದೇ ದಿನ, 1944ರ ಜನವರಿ 14. ಶಿಂಕೊಕು ಪೆಸಿಫಿಕ್‌ನ ಟ್ರಕ್ ಎಂಬ ದ್ವೀಪಗಳ ಬಳಿ, ಕ್ಯೊಕುತೊ ಮನಿಲಾದಲ್ಲಿ ವಿಮಾನ ದಾಳಿಗೆ ಸಿಕ್ಕವು. 1944 ಮುಗಿಯುವಾಗ ಏಳರಲ್ಲಿ ಒಂದೂ ತೇಲುತ್ತಿರಲಿಲ್ಲ. ಶಿಂಕೊಕು ಈಗ ಡೈವಿಂಗ್ ಮಾಡುವವರು ನೋಡಲು ಹೋಗುವ ಜಾಗ.

1945ರ ಫೆಬ್ರವರಿಯಲ್ಲಿ ಇಸೆ, ಹ್ಯೂಗಾ ಎಂಬ ಎರಡು ಭಾರೀ ಯುದ್ಧನೌಕೆಗಳೇ ಸಿಂಗಾಪುರದಿಂದ ಡ್ರಮ್ ಹೊತ್ತು ಊರಿಗೆ ಬಂದವು. ಅಷ್ಟು ದೊಡ್ಡ ಫಿರಂಗಿಗಳ ಹಡಗು, ಕೆಲಸ ಮಾತ್ರ ಎಣ್ಣೆ ಲಾರಿಯದು!

ಈಗಿನದು ಕೇಳಿದ್ದೀರಿ. ಇವೆ. ತೊವಾಡಾ, ಹಮಾನಾ, ಮಾಶು, ಓಮಿ ಹೀಗೆ ಸರೋವರಗಳ ಹೆಸರಿಟ್ಟಿದ್ದಾರೆ. 2001ರ ಕೊನೆಯಿಂದ 2010ರ ಜನವರಿ ತನಕ, ನಡುವೆ ಕೆಲವು ತಿಂಗಳು ಬಿಟ್ಟು, ಜಪಾನಿನ ಟ್ಯಾಂಕರ್‌ಗಳು ಹಿಂದೂ ಮಹಾಸಾಗರದಲ್ಲಿ ನಿಂತು ಬೇರೆ ದೇಶಗಳ ಯುದ್ಧನೌಕೆಗಳಿಗೆ ಪುಕ್ಕಟೆ ಎಣ್ಣೆ ತುಂಬಿಸಿದವು. ಅದರಲ್ಲಿ ಅಮೆರಿಕದವೂ ಇದ್ದವು.